ಅಗ್ಗದ ಕೋಣೆಯ ಹಿಂದಿರುವ ಲೆಕ್ಕಕ್ಕೆ ಬಾರದ ದುಡಿಮೆ

ಬೆಂಗಳೂರಿನಿಂದ ಶುಕ್ರವಾರ ಮಧ್ಯಾಹ್ನ ಹೊರಟ ವ್ಯಾಪಾರಿ ಕುಟುಂಬವೊಂದು ರಾತ್ರಿಯ ಹೊತ್ತಿಗೆ ಮಡಿಕೇರಿಯ ಸಮೀಪದ ಕಾಫಿ ತೋಟದ ನಡುವಿರುವ, ಆರು ಕೋಣೆಗಳ ಪುಟ್ಟ ರೆಸಾರ್ಟನ್ನು ತಲುಪುತ್ತದೆ ಎಂದಿಟ್ಟುಕೊಳ್ಳಬಹುದು. ಗೇಟಿನ ಬಳಿ ಟಾರ್ಚ್ ಹಿಡಿದು ನಿಂತಿರುವವರು ಕಾವಲುಗಾರರಲ್ಲ, ಸ್ವತಃ ಮಾಲೀಕರು. ಹೊತ್ತು ಮೀರಿದ್ದರೂ ಬಿಸಿ ಊಟವನ್ನು ಬಡಿಸುವವರು ಮನೆಯೊಡತಿ. ಪೆಟ್ಟಿಗೆಗಳನ್ನು ಕೋಣೆಗೆ ಸಾಗಿಸುವವನು ಕಾಲೇಜಿನ ರಜೆಗೆ ಬಂದಿರುವ ಮಗ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ನೂಪುಟ್ಟು, ತೋಟದ್ದೇ ಕಾಫಿ, ಅನಂತರ ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಮಾಲೀಕರೊಂದಿಗೆ ಒಂದು ಗಂಟೆಯ ನಡಿಗೆ. ಇಷ್ಟಕ್ಕೂ ಕೋಣೆಯೊಂದಕ್ಕೆ ದಿನಕ್ಕೆ 3,000 ರೂಪಾಯಿ, ತೆರಿಗೆ ಪ್ರತ್ಯೇಕ. ಭಾನುವಾರ ಹೊರಡುವಾಗ ಅತಿಥಿಗಳು ಮನಸಾರೆ ಹೊಗಳುತ್ತಾರೆ. ಹೊಗಳಿಕೆಯ ಬೆನ್ನಿಗೇ, ಮುಂದಿನ ಸಲ ಬಂದಾಗ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕೆಂಬ ಮಾತೂ ಬರುತ್ತದೆ. ಮಾಲೀಕರು ನಕ್ಕು ಒಪ್ಪಿಕೊಳ್ಳುತ್ತಾರೆ.

ಆ 3,000 ರೂಪಾಯಿಯಲ್ಲಿ ಟಾರ್ಚ್ ಹಿಡಿದು ಕಾದುದರ ಕೂಲಿ ಎಷ್ಟು, ರಾತ್ರಿ ಹತ್ತರ ಅಡುಗೆಯ ಬೆಲೆ ಎಷ್ಟು ಎಂಬ ಪ್ರಶ್ನೆ ಅತಿಥಿಗಳಿಗೆ ಹೊಳೆಯದಿರುವುದು ಸಹಜ. ಸೋಜಿಗವೆಂದರೆ ಮಾಲೀಕರೂ ಅದನ್ನು ಕೇಳಿಕೊಂಡಿರುವುದಿಲ್ಲ. ಕುಟುಂಬ ನಡೆಸುವ ಇಂತಹ ಕಿರು ರೆಸಾರ್ಟುಗಳು ಎಲ್ಲರ ಕೈಗೆಟುಕುವ ಬೆಲೆಯಲ್ಲಿ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಲೆಯು ಲೆಕ್ಕ ಹಾಕಿ ಕಂಡುಕೊಂಡ ಬೆಲೆಯಾಗಿರಬೇಕೇ ಹೊರತು, ಲೆಕ್ಕ ಹಾಕದಿದ್ದುದರಿಂದ ಒದಗಿದ ಬೆಲೆಯಾಗಿರಬಾರದು. ಎರಡನೆಯ ಬಗೆಯ ಅಗ್ಗ ಬಹುಕಾಲ ಬಾಳುವುದಿಲ್ಲ.

ಕಾಫಿಯ ಬೆಲೆ ಕುಸಿದಾಗ ತೆರೆದ ಬಾಗಿಲು

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಪ್ರದೇಶಗಳಲ್ಲಿ ತೋಟದ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದುದರ ಹಿಂದೆ ಕಾಫಿ ಮಾರುಕಟ್ಟೆಯ ಕಥೆಯಿದೆ. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ 1989ರಲ್ಲಿ ಸ್ಥಗಿತಗೊಂಡಿತು. ದೇಶದೊಳಗೆ ಕಾಫಿ ಮಂಡಳಿಯ ಕಡ್ಡಾಯ ಸಂಗ್ರಹ ಪದ್ಧತಿಯು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು. 2000ದ ದಶಕದ ಆರಂಭದಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ನೆಲಕಚ್ಚಿದಾಗ ಸಾಲದ ಕಂತು ಕಟ್ಟಲಾಗದ ಅನೇಕ ಕುಟುಂಬಗಳಿಗೆ, ಹಿರಿಯರು ಕಟ್ಟಿಸಿದ ದೊಡ್ಡ ಮನೆಯ ಖಾಲಿ ಕೋಣೆಗಳೇ ಎರಡನೆಯ ಬೆಳೆಯಾದವು. ಮೊದಲು ಎರಡು ಕೋಣೆ, ಬಳಿಕ ಬ್ಯಾಂಕಿನ ಸಾಲದಿಂದ ನಾಲ್ಕು, ಆರು. ಹೋಂಸ್ಟೇ ಎಂದು ಆರಂಭವಾದುದು ಕ್ರಮೇಣ ಬೊಟಿಕ್ ರೆಸಾರ್ಟ್ ಎಂಬ ಫಲಕವನ್ನು ಹೊತ್ತಿತು.

ಮನೆಯಲ್ಲಿದ್ದ ಕೋಣೆಯನ್ನೇ ಕೊಟ್ಟಾಗ ಹೂಡಿಕೆಯ ಪ್ರಶ್ನೆ ಏಳಲಿಲ್ಲ. ಬಂದುದೆಲ್ಲ ಲಾಭವೆಂದೇ ತೋರಿತು. ಆ ಮನೋಭಾವವೇ ಹೊಸ ಕಟ್ಟಡ, ಸಾಲ, ಕೆಲಸದವರ ಸಂಬಳ ಬಂದ ನಂತರವೂ ಮುಂದುವರಿದುದು ಇಂದಿನ ಸಮಸ್ಯೆಯ ಮೂಲ. 2024-25ರಲ್ಲಿ ಕಾಫಿಯ ಬೆಲೆ ದಾಖಲೆಯ ಮಟ್ಟಕ್ಕೇರಿದಾಗ ತೋಟದ ಆದಾಯವು ಕೋಣೆಗಳ ಕೊರತೆಯನ್ನು ಮುಚ್ಚಿಹಾಕಿತು. ಬೆಲೆ ಇಳಿದ ದಿನ ಆ ಕೊರತೆ ಎದ್ದು ಕಾಣುತ್ತದೆ.

ಒಂದು ಮಾದರಿ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಮೇಲಿನ ಆರು ಕೋಣೆಗಳ ರೆಸಾರ್ಟಿಗೇ ಮಾದರಿ ಲೆಕ್ಕವೊಂದನ್ನು ಹಾಕಬಹುದು. ಅಂಕಿಗಳು ಉದಾಹರಣೆಗೆ ಮಾತ್ರ. ಪ್ರತಿಯೊಬ್ಬ ಮಾಲೀಕರೂ ತಮ್ಮ ಪುಸ್ತಕದ ಅಂಕಿಗಳನ್ನು ಇಲ್ಲಿ ಇಟ್ಟು ನೋಡಬೇಕು.

ಆರು ಕೋಣೆಗಳಿಗೆ ವರ್ಷದಲ್ಲಿ ಲಭ್ಯವಿರುವ ಕೋಣೆ-ರಾತ್ರಿಗಳು 2,190. ಪ್ರತಿ ವಾರಾಂತ್ಯದ ಎರಡು ರಾತ್ರಿಗಳೂ ಪೂರ್ತಿ ತುಂಬಿದರೆ ಸಿಗುವುದು 624, ಅಂದರೆ ಶೇಕಡಾ 28ರಷ್ಟು. ವಾರದ ನಡುವೆ ಇನ್ನೂ 252 ಕೋಣೆ-ರಾತ್ರಿಗಳು ಮಾರಾಟವಾದವೆಂದು ಹಿಡಿದರೆ ಒಟ್ಟು 876, ಶೇಕಡಾ 40. ದರ 3,000 ರೂಪಾಯಿಯಂತೆ ವರ್ಷದ ವಹಿವಾಟು 26,28,000 ರೂಪಾಯಿ. ಇದರಲ್ಲಿ ಅರ್ಧದಷ್ಟು, ಅಂದರೆ 438 ಕೋಣೆ-ರಾತ್ರಿಗಳು, ಅಂತರ್ಜಾಲದ ಬುಕಿಂಗ್ ತಾಣಗಳ ಮೂಲಕ ಶೇಕಡಾ 20ರ ಕಮಿಷನ್ನಿನ ಮೇಲೆ ಬಂದವು ಎಂದಿಟ್ಟುಕೊಳ್ಳಬಹುದು.

ಕೈಯಿಂದ ಹೊರಹೋಗುವ ಖರ್ಚು ಹೀಗಿರುತ್ತದೆ:
ಇಬ್ಬರು ಕೆಲಸದವರ ಸಂಬಳ: 3,60,000
ಬೆಳಗಿನ ಉಪಾಹಾರದ ಸಾಮಗ್ರಿ, ಕೋಣೆ-ರಾತ್ರಿಗೆ 250ರಂತೆ: 2,19,000
ಬಟ್ಟೆ ಒಗೆತ, ಸಾಬೂನು ಇತ್ಯಾದಿ, 150ರಂತೆ: 1,31,400
ವಿದ್ಯುತ್, ನೀರು, ಜನರೇಟರಿನ ಡೀಸೆಲ್: 2,40,000
ದುರಸ್ತಿ ಮತ್ತು ಬಣ್ಣ: 2,00,000
ಪರವಾನಗಿ, ವಿಮೆ, ದೂರವಾಣಿ, ಲೆಕ್ಕಪತ್ರ: 1,00,000
ಕಮಿಷನ್ ಮತ್ತು ಅದರ ಮೇಲಿನ ಶೇಕಡಾ 18 ಜಿಎಸ್‌ಟಿ: 3,10,104
ಒಟ್ಟು: 15,60,504

ಉಳಿಯುವುದು 10,67,496 ರೂಪಾಯಿ. ತಿಂಗಳಿಗೆ ಸುಮಾರು 89,000. ಕುಟುಂಬ ಇದನ್ನೇ ಲಾಭವೆಂದು ಕರೆಯುತ್ತದೆ. ನೆಂಟರಿಷ್ಟರೂ ಹಾಗೆಯೇ ತಿಳಿಯುತ್ತಾರೆ.

ಈಗ ಯಾರೂ ಬರೆಯದ ಮೂರು ಬಾಬ್ತುಗಳನ್ನು ಬರೆಯಬೇಕು. ಮೊದಲನೆಯದು ಸವಕಳಿ. ಕಟ್ಟಡಕ್ಕೆ 60 ಲಕ್ಷ ತಗುಲಿದ್ದು 25 ವರ್ಷ ಬಾಳುವುದಾದರೆ ವರ್ಷಕ್ಕೆ 2,40,000. ಪೀಠೋಪಕರಣ, ಹಾಸಿಗೆ, ನೀರು ಕಾಯಿಸುವ ಸಲಕರಣೆಗಳಿಗೆ 10 ಲಕ್ಷ ತಗುಲಿದ್ದು ಎಂಟು ವರ್ಷ ಬಾಳುವುದಾದರೆ 1,25,000. ಎರಡನೆಯದು ಹೂಡಿದ 70 ಲಕ್ಷದ ಮೇಲಿನ ಬಡ್ಡಿ. ಸಾಲವಾಗಿರಲಿ, ಸ್ವಂತ ಹಣವಾಗಿರಲಿ, ಶೇಕಡಾ 7ರಂತೆ 4,90,000. ಮೂರನೆಯದು ಕುಟುಂಬದ ದುಡಿಮೆ. ಮಾಲೀಕರ ಜಾಗಕ್ಕೆ ಒಬ್ಬ ವ್ಯವಸ್ಥಾಪಕ, ಮನೆಯೊಡತಿಯ ಜಾಗಕ್ಕೆ ಒಬ್ಬ ಅಡುಗೆಯವರನ್ನು ತಿಂಗಳಿಗೆ 25,000 ಮತ್ತು 20,000ಕ್ಕೆ ನೇಮಿಸಿಕೊಂಡಿದ್ದರೆ ವರ್ಷಕ್ಕೆ 5,40,000 ಆಗುತ್ತಿತ್ತು. ಮೂರೂ ಸೇರಿ 13,95,000 ರೂಪಾಯಿ.

10,67,496ರ ಲಾಭವು ಈಗ 3,27,504 ರೂಪಾಯಿಯ ನಷ್ಟವಾಗುತ್ತದೆ. ಮಾರಾಟವಾದ ಪ್ರತಿ ಕೋಣೆ-ರಾತ್ರಿಯ ಮೇಲೂ ಕುಟುಂಬ ಸುಮಾರು 374 ರೂಪಾಯಿಯನ್ನು ತನ್ನ ಕೈಯಿಂದಲೇ ಅತಿಥಿಗೆ ಕೊಡುತ್ತಿದೆ ಎಂದರ್ಥ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಿದೆ. ಇಲ್ಲಿ ಕುಟುಂಬ ಕುಳಿತಿಲ್ಲ, ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ನಿಂತೇ ಇದೆ. ಆದರೂ ಕುಡಿಕೆ ಬರಿದಾಗುತ್ತಿದೆ.

ಮಳೆಯ ನಾಡಿನ ಸವಕಳಿ

ಸವಕಳಿಯೆಂಬುದು ಆದಾಯ ತೆರಿಗೆಯ ನಮೂನೆ ತುಂಬುವಾಗ ಮಾತ್ರ ನೆನಪಾಗುವ ಪದವೆಂದು ಅನೇಕ ಉದ್ಯಮಿಗಳು ಭಾವಿಸಿದ್ದಾರೆ. ಪಶ್ಚಿಮ ಘಟ್ಟದ ಮಡಿಲಲ್ಲಿ ಅದು ಕಣ್ಣಿಗೆ ಕಾಣುವ ವಸ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗೋಡೆ ಹಸಿರು ಕಟ್ಟುತ್ತದೆ, ಬಾಗಿಲು ಊದಿಕೊಳ್ಳುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ, ಕಬ್ಬಿಣ ತುಕ್ಕು ತಿನ್ನುತ್ತದೆ. ಜುಲೈ ತಿಂಗಳಲ್ಲಿ ಒಗೆದ ಹೊದಿಕೆ ಒಣಗಲು ಯಂತ್ರವೇ ಬೇಕು. ಬಯಲು ಸೀಮೆಯ ವಸತಿಗೃಹಕ್ಕೆ ಸಲ್ಲುವ ದುರಸ್ತಿಯ ಅಂದಾಜು ಇಲ್ಲಿ ಸಲ್ಲುವುದಿಲ್ಲ. ಹಣ ಕೈಯಲ್ಲಿದ್ದ ವರ್ಷ ಬಣ್ಣ ಬಳಿದು, ಇಲ್ಲದ ವರ್ಷ ಬಿಟ್ಟರೆ ಐದಾರು ವರ್ಷಗಳಲ್ಲಿ ಕೋಣೆ ಮುಪ್ಪಾಗುತ್ತದೆ. ಅತಿಥಿಗಳ ಅಭಿಪ್ರಾಯದ ಅಂಕ ಇಳಿಯುತ್ತದೆ. ಅದರೊಡನೆ ದರವೂ ಇಳಿಯುತ್ತದೆ. ಇಳಿದ ದರದಲ್ಲಿ ದುರಸ್ತಿಗೆ ಇನ್ನಷ್ಟು ಕಡಿಮೆ ಹಣ ಉಳಿಯುತ್ತದೆ.

ಕುಟುಂಬದ ದುಡಿಮೆಗೂ ಸವಕಳಿಯುಂಟು. ಡಿಸೆಂಬರ್ ರಜೆಯ ಜನಸಂದಣಿ ಮತ್ತು ಕಾಫಿ ಕೊಯ್ಲು ಒಂದೇ ಕಾಲಕ್ಕೆ ಬರುತ್ತವೆ. ಕಣದಲ್ಲಿ ಕಾಫಿ ಒಣಗಿಸುವವರೂ ಅವರೇ, ಕೋಣೆಗೆ ಬಿಸಿನೀರು ಬಂತೇ ಎಂದು ವಿಚಾರಿಸುವವರೂ ಅವರೇ. ಹಬ್ಬ, ಮದುವೆ, ಕಾಯಿಲೆ ಯಾವುದಕ್ಕೂ ಬಿಡುವಿಲ್ಲ. ಈ ದುಡಿಮೆಗೆ ಬೆಲೆಯಿಲ್ಲವೆಂದು ತಂದೆತಾಯಿಯೇ ಲೆಕ್ಕದಲ್ಲಿ ತೋರಿಸಿಕೊಟ್ಟ ಮೇಲೆ ಮಕ್ಕಳು ನಗರದ ಉದ್ಯೋಗವನ್ನು ಆರಿಸಿಕೊಂಡರೆ ಅವರನ್ನು ದೂರುವಂತಿಲ್ಲ. ಮುಂದಿನ ಪೀಳಿಗೆ ಒಲ್ಲೆನೆಂದಾಗ ಇಂತಹ ಆಸ್ತಿಗಳು ಹೊರಗಿನ ಹೂಡಿಕೆದಾರರ ಕೈಸೇರುತ್ತವೆ. ಅಲ್ಲಿ ಕಟ್ಟಡವಿರುತ್ತದೆ, ಕುಟುಂಬವಿರುವುದಿಲ್ಲ.

ಬೆಳಗಾದೊಡನೆ ಸಾಯುವ ಸರಕು

ಕಾರ್ಖಾನೆಯಲ್ಲಿ ಮಾರಾಟವಾಗದ ಸರಕನ್ನು ಗೋದಾಮಿನಲ್ಲಿ ಇಟ್ಟು ನಾಳೆ ಮಾರಬಹುದು. ಮಾರಾಟವಾಗದ ಕೋಣೆ-ರಾತ್ರಿ ಬೆಳಗಾದೊಡನೆ ಸತ್ತುಹೋಗುತ್ತದೆ. ಈ ಭಯದಿಂದಲೇ ಮಾಲೀಕರು ಕೊನೆಯ ಗಳಿಗೆಯಲ್ಲಿ ಯಾವ ದರಕ್ಕಾದರೂ ಒಪ್ಪುತ್ತಾರೆ. ಮೇಲಿನ ಲೆಕ್ಕದಂತೆ, ನೇರವಾಗಿ ಬಂದ ಒಬ್ಬ ಹೆಚ್ಚುವರಿ ಅತಿಥಿಗೆ ಕೋಣೆ ಕೊಡಲು ತಗಲುವ ಬದಲಾಗುವ ವೆಚ್ಚ ಕೇವಲ 400 ರೂಪಾಯಿ. ಆದುದರಿಂದ 1,500ಕ್ಕೆ ಕೊಟ್ಟರೂ 1,100 ಉಳಿಯಿತೆಂಬ ವಾದ ತಪ್ಪಲ್ಲ. ಮಳೆಗಾಲದ ಮಂಗಳವಾರಕ್ಕೆ ಅದು ಸರಿಯಾದ ವಾದವೇ. ಆದರೆ ಒಮ್ಮೆ 1,500ಕ್ಕೆ ತಂಗಿದ ಅತಿಥಿ ಮುಂದಿನ ಶನಿವಾರವೂ ಅದನ್ನೇ ನಿರೀಕ್ಷಿಸುತ್ತಾನೆ. ನೆರೆಯ ರೆಸಾರ್ಟ್ 1,400ಕ್ಕೆ ಇಳಿಯುತ್ತದೆ. ಅಪರೂಪಕ್ಕೆ ಬಳಸಬೇಕಾದ ಬದಲಾಗುವ ವೆಚ್ಚದ ಲೆಕ್ಕವೇ ನಿತ್ಯದ ದರಪಟ್ಟಿಯಾದಾಗ ಸ್ಥಿರ ವೆಚ್ಚವನ್ನು ಹೊರುವವರೇ ಇಲ್ಲವಾಗುತ್ತಾರೆ. ದೊಡ್ಡ ಗ್ರಾಹಕರ ಒಂದು ಆರ್ಡರಿಗಾಗಿ ದರ ಇಳಿಸಿ, ಮತ್ತೆ ಏರಿಸಲಾಗದೆ ಸೊರಗಿದ ಸಣ್ಣ ಕೈಗಾರಿಕೆಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಬುಕಿಂಗ್ ತಾಣಗಳ ಪಾತ್ರವನ್ನೂ ಇಲ್ಲಿಯೇ ತೂಗಿ ನೋಡಬೇಕು. ಕಾಡಿನಂಚಿನ ಆರು ಕೋಣೆಗಳನ್ನು ದೂರದ ಊರಿನ ಅಪರಿಚಿತರಿಗೆ ಪರಿಚಯಿಸಿದ್ದು ಅವೇ ಎಂಬುದನ್ನು ಮರೆಯಲಾಗದು. ಆದರೆ 3,000ದ ಕೋಣೆಯಿಂದ ಕಮಿಷನ್ 600, ಅದರ ತೆರಿಗೆ 108 ಕಳೆದರೆ ಮಾಲೀಕರಿಗೆ ಬರುವುದು 2,292 ಮಾತ್ರ. ಈ ತಾಣಗಳ ಷರತ್ತುಗಳು ವಿವಾದಕ್ಕೆ ಹೊರತಾಗಿಯೂ ಇಲ್ಲ. ಬೇರೆ ತಾಣಗಳಲ್ಲಿ ಕಡಿಮೆ ದರಕ್ಕೆ ಕೋಣೆ ನೀಡದಂತೆ ಹೋಟೆಲುಗಳನ್ನು ಕಟ್ಟಿಹಾಕಿದ್ದೂ ಸೇರಿದಂತೆ ಹಲವು ಕಾರಣಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೋ ಸಮೂಹಕ್ಕೆ 223.48 ಕೋಟಿ ರೂಪಾಯಿ ಹಾಗೂ ಅದರೊಡನೆ ಮಾಡಿಕೊಂಡ ಒಪ್ಪಂದಕ್ಕಾಗಿ ಓಯೋ ಸಂಸ್ಥೆಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಆದೇಶದ ವಿರುದ್ಧ ಮೇಲ್ಮನವಿಗಳೂ ಸಲ್ಲಿಕೆಯಾದವು. ಕಾನೂನಿನ ತೀರ್ಮಾನ ಏನೇ ಇರಲಿ, ಮಾಲೀಕರ ಮಟ್ಟಿಗೆ ವಿವೇಕದ ಮಾರ್ಗ ಒಂದೇ: ಮೊದಲ ಭೇಟಿಯ ಕಮಿಷನ್ನನ್ನು ಜಾಹೀರಾತಿನ ಖರ್ಚೆಂದು ಭಾವಿಸುವುದು, ಎರಡನೆಯ ಭೇಟಿಗೂ ಅದನ್ನೇ ತೆರಬೇಕಾಗಿ ಬಂದರೆ ತನ್ನ ಲೋಪವೆಂದು ತಿಳಿಯುವುದು.

ತೆರಿಗೆ ಇಳಿದರೂ ಎಚ್ಚರ ಬೇಕು

2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ 3,000 ರೂಪಾಯಿಯ ಕೋಣೆಗೆ ಶೇಕಡಾ 18 ತೆರಿಗೆಯಿತ್ತು. 2019ರ ಅಕ್ಟೋಬರ್‌ನಿಂದ ಅದು 12 ಆಯಿತು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇಕಡಾ 5ಕ್ಕೆ ಇಳಿಯಿತು. ಅತಿಥಿಯ ಬಿಲ್ಲು 3,540ರಿಂದ 3,360ಕ್ಕೆ, ಅಲ್ಲಿಂದ 3,150ಕ್ಕೆ ಬಂದಂತಾಯಿತು. ಕೈಗೆಟುಕುವ ಪ್ರವಾಸಕ್ಕೆ ಇದು ನಿಸ್ಸಂಶಯವಾಗಿ ನೆರವು.

ಆದರೆ ಶೇಕಡಾ 5ರ ದರದೊಂದಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲವೆಂಬ ಷರತ್ತೂ ಇದೆ. ಬಣ್ಣ, ಹಾಸಿಗೆ, ಸಿಮೆಂಟು, ಕಮಿಷನ್ ಇವುಗಳ ಮೇಲೆ ಕಟ್ಟಿದ ತೆರಿಗೆಯೆಲ್ಲ ಮಾಲೀಕರ ವೆಚ್ಚವಾಗಿಯೇ ಉಳಿಯುತ್ತದೆ. ಹಳೆಯ ದರಪಟ್ಟಿಯನ್ನೇ ಮುಂದುವರಿಸಿರುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ಪರಿಶೀಲಿಸಬೇಕು. ನೋಂದಾಯಿತ ಮಾಲೀಕರಿಂದ ಬುಕಿಂಗ್ ತಾಣಗಳು ಸಂಗ್ರಹಿಸುವ ಜಿಎಸ್‌ಟಿಯ ಅಂಶವು 2024ರ ಜುಲೈನಲ್ಲಿ ಶೇಕಡಾ 0.5ಕ್ಕೂ, ಕಡಿತ ಮಾಡುವ ಆದಾಯ ತೆರಿಗೆಯು ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇಕಡಾ 0.1ಕ್ಕೂ ಇಳಿದವು. ಮೊತ್ತ ಸಣ್ಣದಾದರೂ ಅದು ಮಾಲೀಕರ ಹಣ. ಸಕಾಲದಲ್ಲಿ ಜಮೆ ಪಡೆಯದೆ ಬಿಡುವುದು ತರವಲ್ಲ.

ದರ ಏರಿಸದೆಯೇ ದಾರಿ

3,27,504 ರೂಪಾಯಿಯ ನಷ್ಟವನ್ನು ತುಂಬಲು ದರವನ್ನು ಏರಿಸುವುದೊಂದೇ ಮಾರ್ಗವಲ್ಲ. ಬುಕಿಂಗ್ ತಾಣಗಳ ಪಾಲನ್ನು ಅರ್ಧದಿಂದ ಕಾಲು ಭಾಗಕ್ಕೆ ಇಳಿಸಿ, ಆ 219 ಕೋಣೆ-ರಾತ್ರಿಗಳನ್ನು ನೇರ ಬುಕಿಂಗಿಗೆ ತಿರುಗಿಸಿದರೆ ಉಳಿಯುವುದು 1,55,052 ರೂಪಾಯಿ. ಬಾಕಿ 1,72,452. ನೇರವಾಗಿ ಬರುವ ಪ್ರತಿ ಹೆಚ್ಚುವರಿ ಕೋಣೆ-ರಾತ್ರಿಯಿಂದ 2,600 ಉಳಿಯುವುದರಿಂದ ಇದನ್ನು ತುಂಬಲು ಬೇಕಾದುದು ವರ್ಷಕ್ಕೆ 67 ಕೋಣೆ-ರಾತ್ರಿಗಳು ಮಾತ್ರ. ವಾರದ ನಡುವೆ ಒಂದಕ್ಕಿಂತ ತುಸು ಹೆಚ್ಚು. ಅಷ್ಟಾದರೆ ಸವಕಳಿ, ಬಡ್ಡಿ, ಕುಟುಂಬದ ಸಂಬಳ ಎಲ್ಲವೂ ಹುಟ್ಟುತ್ತವೆ. ಅತಿಥಿಗೆ ದರ ಅದೇ 3,000.

ಆ 67 ಕೋಣೆ-ರಾತ್ರಿಗಳು ಎಲ್ಲಿಂದ ಬರಬೇಕು? ವಾಣಿಜ್ಯ ಸಂಸ್ಥೆಗಳ ಸದಸ್ಯರ ಹೊಣೆ ಇಲ್ಲಿ ಆರಂಭವಾಗುತ್ತದೆ. ಹತ್ತು ಹನ್ನೆರಡು ಮಂದಿಯ ವಿತರಕರ ಸಭೆ, ಪಾಲುದಾರರ ವಾರ್ಷಿಕ ಸಮಾಲೋಚನೆ, ಮಾರಾಟ ಸಿಬ್ಬಂದಿಯ ತರಬೇತಿ ಇವೆಲ್ಲ ನಗರದ ದೊಡ್ಡ ಹೋಟೆಲಿನ ಸಭಾಂಗಣದಲ್ಲಿಯೇ ನಡೆಯಬೇಕೆಂಬ ನಿಯಮವಿಲ್ಲ. ಆರು ಕೋಣೆಗಳಲ್ಲಿ ಹನ್ನೆರಡು ಮಂದಿ ಬುಧವಾರ, ಗುರುವಾರ ತಂಗಿದರೆ ಹನ್ನೆರಡು ಕೋಣೆ-ರಾತ್ರಿಗಳಾದವು. ಇಂತಹ ಆರು ಸಭೆಗಳಾದರೆ 72; ಮಾದರಿ ಲೆಕ್ಕದ ಕೊರತೆ ಅಲ್ಲಿಗೆ ತೀರಿತು. ಸಭೆ ಏರ್ಪಡಿಸುವ ಸಂಸ್ಥೆಯು ರಾಜ್ಯದಲ್ಲಿಯೇ ನೋಂದಾಯಿತವಾಗಿದ್ದು, ತಂಗುವಿಕೆ ವ್ಯವಹಾರದ ಉದ್ದೇಶಕ್ಕಾಗಿದ್ದು, ಬಿಲ್ಲಿನಲ್ಲಿ ಅದರ ಜಿಎಸ್‌ಟಿ ಸಂಖ್ಯೆ ನಮೂದಾಗಿದ್ದರೆ ಕಟ್ಟಿದ ಶೇಕಡಾ 5ರ ಜಮೆ ಪಡೆಯಲು ಅವಕಾಶವಿದೆ. ಕೇರಳದಲ್ಲಿ ತಂಗಿದರೆ ಆ ರಾಜ್ಯದ ತೆರಿಗೆ ಕರ್ನಾಟಕದ ನೋಂದಣಿಗೆ ಜಮೆಯಾಗುವುದಿಲ್ಲ. ಸಿಬ್ಬಂದಿಯ ರಜಾ ಪ್ರವಾಸಕ್ಕೂ ಈ ಜಮೆ ಸಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ಕುಟುಂಬದೊಂದಿಗೆ ವಿಹಾರಕ್ಕೆ ಹೋಗುವ ವ್ಯಾಪಾರಿಗಳೂ ಎರಡು ಶಿಸ್ತುಗಳನ್ನು ಪಾಲಿಸಬಹುದು. ಪರಿಚಯವಾದ ಬಳಿಕ ನೇರವಾಗಿ ದೂರವಾಣಿ ಮಾಡಿ ಕೋಣೆ ಕಾಯ್ದಿರಿಸುವುದು ಒಂದು. ಆಗ ಮಕ್ಕಳ ಊಟ, ಹಿರಿಯರಿಗೆ ಮೆಟ್ಟಿಲಿಲ್ಲದ ಕೋಣೆ, ದಿನಾಂಕದ ಬದಲಾವಣೆ ಎಲ್ಲವೂ ಮಾತಿನಲ್ಲಿಯೇ ಬಗೆಹರಿಯುತ್ತವೆ. ಬರಲಾಗದಿದ್ದರೆ ಮೊದಲೇ ತಿಳಿಸುವುದು ಇನ್ನೊಂದು. ಶನಿವಾರದ ಬೆಳಿಗ್ಗೆ ರದ್ದಾದ ಮೂರು ಕೋಣೆಗಳು ಆರು ಕೋಣೆಗಳ ಮಾಲೀಕರಿಗೆ ಆ ದಿನದ ಅರ್ಧ ಆದಾಯ.

ಮಾಲೀಕರ ಕಡೆಯ ಕರ್ತವ್ಯಗಳೂ ಕಡಿಮೆಯಿಲ್ಲ. ಮನೆಯ ಖರ್ಚು, ತೋಟದ ಖರ್ಚು, ಕೋಣೆಗಳ ಖರ್ಚು ಈ ಮೂರಕ್ಕೂ ಪ್ರತ್ಯೇಕ ಪುಸ್ತಕ ಮತ್ತು ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ಕುಟುಂಬದ ಸದಸ್ಯರು ಪ್ರತಿ ತಿಂಗಳೂ ನಿಗದಿತ ಸಂಬಳ ಪಡೆಯಬೇಕು. 2018ರ ಆಗಸ್ಟ್‌ನ ಭೂಕುಸಿತ, 2020ರ ಮಾರ್ಚ್‌ನ ಲಾಕ್‌ಡೌನ್ ಎರಡೂ ಸಂದರ್ಭಗಳಲ್ಲಿ ಕೊಡಗಿಗೆ ಅತಿಥಿಗಳ ಬರವು ಒಮ್ಮೆಲೇ ನಿಂತಿತು. ಮಾದರಿ ಲೆಕ್ಕದ ರೆಸಾರ್ಟಿನಲ್ಲಿ ಬಾಗಿಲು ಮುಚ್ಚಿದ್ದರೂ ನಿಲ್ಲದ ನಗದು ಖರ್ಚು ವರ್ಷಕ್ಕೆ ಸುಮಾರು 9 ಲಕ್ಷ. ಮೂರು ತಿಂಗಳಿಗೆ 2,25,000. ಪ್ರತಿ ಕೋಣೆ-ರಾತ್ರಿಯಿಂದ 100 ರೂಪಾಯಿ ಎತ್ತಿಟ್ಟರೆ ಮೂರು ವರ್ಷದೊಳಗೆ ಈ ನಿಧಿ ಕೂಡುತ್ತದೆ. ಹತ್ತು, ಹದಿನೈದು ಕೋಣೆಗಳಿಗೆ ವಿಸ್ತರಿಸುವ ಆತುರವೂ ಬೇಡ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯು ಆರು ಕೋಣೆಗಳ ಮಿತಿಯನ್ನು ಇಟ್ಟು, ಮಾಲೀಕರ ಕುಟುಂಬ ಅಲ್ಲಿಯೇ ವಾಸಿಸಬೇಕೆಂದು ಹೇಳುವುದರಲ್ಲಿ ಅರ್ಥವಿದೆ. 2025ರ ಕೇಂದ್ರ ಬಜೆಟ್ ಹೋಂಸ್ಟೇಗಳಿಗೆ ಮುದ್ರಾ ಸಾಲವನ್ನು ಘೋಷಿಸಿತು. ಸಾಲ ಸುಲಭವಾಗಿ ಸಿಗುತ್ತದೆಂಬುದು ಸಾಲ ಮಾಡಲು ಕಾರಣವಾಗಬಾರದು. ಶೇಕಡಾ 40 ತುಂಬುವ ಆರು ಕೋಣೆಗಳಿಗೆ ಏಳನೆಯ ಕೋಣೆ ಪರಿಹಾರವಲ್ಲ.

ಅತಿಥಿಯನ್ನು ದೇವರೆಂದು ಕಾಣುವುದು ಈ ನೆಲದ ಸಂಸ್ಕಾರ. ದೇವಸ್ಥಾನದಲ್ಲಿಯೂ ನೈವೇದ್ಯದ ಅಕ್ಕಿ, ಎಣ್ಣೆ, ಅರ್ಚಕರ ಸಂಭಾವನೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದೇ ಇಡುತ್ತಾರೆ. ಅದರಿಂದ ಭಕ್ತಿಗೆ ಕುಂದು ಬಂದುದಿಲ್ಲ. ಅಂಗಡಿಯಲ್ಲಿ ಮಡದಿ, ಕಾರ್ಖಾನೆಯಲ್ಲಿ ತಮ್ಮ, ಗಲ್ಲಾಪೆಟ್ಟಿಗೆಯ ಮುಂದೆ ತಂದೆ ದುಡಿಯುತ್ತಿರುವ ಪ್ರತಿಯೊಂದು ಕುಟುಂಬ ಉದ್ಯಮಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮನೆಯವರ ದುಡಿಮೆಯನ್ನು ಸೊನ್ನೆಯೆಂದು ಬರೆದು ತೋರಿಸಿದ ಲಾಭ ಲಾಭವಲ್ಲ. ಈ ವರ್ಷದ ಲೆಕ್ಕ ಮುಗಿಸುವ ಮೊದಲು ಆ ಒಂದು ಸಾಲನ್ನು ಸರಿಯಾದ ಅಂಕಿಯೊಂದಿಗೆ ಬರೆದು, ಕೆಳಗಿನ ಮೊತ್ತ ಏನಾಗುತ್ತದೆಂದು ನೋಡುವುದು ಪ್ರತಿಯೊಬ್ಬ ಮಾಲೀಕರಿಗೂ ಹಿತಕರ.